ಕವಿಯ ಕೈ ಸೋಂಕಿದ ವಸ್ತುಗಳು

ಹಿರಿಯ ಸಾಹಿತಿಗಳು ಬಳಸಿದ ಲೇಖನಿ, ಕನ್ನಡಕ, ಪದಕ, ಪುಸ್ತಕಗಳಿಗೆ ನಾವು ಕಟ್ಟಬೇಕಾದ ಬೆಲೆ ಯಾವುದು?

೨೦೦೪ರ ಮಾರ್ಚಿಯಲ್ಲಿ ಶಾಂತಿನಿಕೇತನದಿಂದ ರವೀಂದ್ರನಾಥ ಠಾಕೂರರ ನೊಬೆಲ್ ಪದಕ ಕಳುವಾಯಿತು. ೨೦೧೫ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಯಿಂದ ಕುವೆಂಪು ಅವರ ಪದ್ಮ ಪದಕಗಳು ಹೋದವು. ಕಳ್ಳನ ಕಣ್ಣಿಗೆ ಅವು ಬರಿಯ ಲೋಹ. ನಮಗೆ ನಾಡಿನ ಮನ್ನಣೆಯ ಕುರುಹು. ಆದರೂ ಪದಕಕ್ಕೆ ಪ್ರತಿಯುಂಟು. ಠಾಕೂರರ ಪದಕದ ಪ್ರತಿಕೃತಿಗಳು ೨೦೦೫ರಲ್ಲಿ ವಿಶ್ವಭಾರತಿಯ ಕೈಸೇರಿದವು.

ಪ್ರತಿಯಿಲ್ಲದ ಸಂಪತ್ತೆಂದರೆ ಕವಿ ಓದಿದ ಪುಸ್ತಕ, ಅವರ ಕೈಬರಹ, ಕಾಗದಪತ್ರ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩) ಕವಿಗಳು ಮಾತ್ರವಲ್ಲ, ಕಾಲನಿರ್ಣಯದಲ್ಲಿ ಬಹಳ ಶ್ರಮಿಸಿದ ಬಹುಭಾಷಾ ಸಂಶೋಧಕರು. ೧೯೪೯ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ೧೯೫೬ರಲ್ಲಿ ಅವರ ಊರು ಕೇರಳಕ್ಕೆ ಸೇರಿತು. ಅವರ ಗ್ರಂಥಭಂಡಾರವು ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿ, ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಆಧಾರವಾಯಿತು. ಮಂಜೇಶ್ವರದ ಮನೆ 'ಗಿಳಿವಿಂಡು' ಸ್ಮಾರಕದ ನೆಲೆಯಾಯಿತು. ಕವಿ ಬಾಳಿದ ಬಗೆಯನ್ನು ಮನೆ ತೋರಿಸುತ್ತದೆ. ಏನನ್ನು ಓದಿ, ತೂಗಿ, ನಿರ್ಣಯಕ್ಕೆ ಬಂದರೆಂಬುದಕ್ಕೆ ಪುಸ್ತಕಗಳೇ ಸಾಕ್ಷಿ. ಒಂದು ಬದುಕಿನ ಸಂಗ್ರಹ ಒಂದೆಡೆ ಉಳಿದರೆ ಮಾತ್ರ ಈ ಸಾಕ್ಷಿ ಸಿಗುವುದು.

ಎಲ್ಲ ಊರುಗಳಲ್ಲಿಯೂ ರಾಷ್ಟ್ರಕವಿಗಳು ಹುಟ್ಟುವುದಿಲ್ಲ, ನಿಜ. ಆದರೆ ಗಡಿನಾಡಿನ ಹಳೆಯ ಮನೆಗಳ ಅಟ್ಟದ ಮೇಲೆ ತಾಳೆಗರಿ, ಪ್ರಸಂಗದ ಹಸ್ತಪ್ರತಿ, ಹಿಂದಿನ ಅಧ್ಯಾಪಕರ ದಿನಚರಿಗಳು ಸಿಗಬಹುದು. ಇಲ್ಲಿ ಕನ್ನಡ ಬಾಳಿತೆಂಬುದಕ್ಕೆ ಇಂಥವೇ ದಾಖಲೆ. ಗೆದ್ದಲು ತಿಂದ ಹಾಳೆಗೆ ಪ್ರತಿಕೃತಿ ಕೊಡುವವರಿಲ್ಲ. ಆದುದರಿಂದ ಅಧ್ಯಾಪಕ ಬಂಧುಗಳಾದ ನಾವು ನಮ್ಮ ನಮ್ಮ ಊರಿನಲ್ಲಿ ಅವುಗಳ ಪಟ್ಟಿಯನ್ನಾದರೂ ಮಾಡಿಡೋಣ.