ಮಧ್ಯಂತರ ಪರಿಹಾರ, ಆಮೇಲೆ?

ವೀರಪ್ಪನ್ ಅಂದ ಕೂಡಲೇ ನಮ್ಮ ಟಿವಿಯವರಿಗೆ ಮೀಸೆ ನೆನಪಾಗುತ್ತೆ. ಆಮೇಲೆ ಅಣ್ಣಾವ್ರ ಅಪಹರಣ, ಆ 108 ದಿನ. ಎಷ್ಟು ಎಪಿಸೋಡ್ ಮಾಡಿದರೂ ಟಿಆರ್‌ಪಿಗೆ ಮೋಸ ಇಲ್ಲ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಡಂಚಿನ ಜನ ಆ ಎಪಿಸೋಡುಗಳಲ್ಲಿ ಎಲ್ಲಿದ್ದಾರೆ? ಹಿಂದೆ ಓಡಾಡೋ ಜೂನಿಯರ್ ಆರ್ಟಿಸ್ಟ್‌ಗಳ ಥರ ಎರಡು ಸೆಕೆಂಡ್ ಬಂದು ಹೋಗ್ತಾರೆ. ಇವತ್ತು ಅವರ ವಿಷಯ.

ಇದನ್ನು ಎತ್ತಿದ ತಕ್ಷಣ ಫೋನ್ ಬರುತ್ತೆ: 'ಸತ್ತ ಪೊಲೀಸರಿಗೆ ಮಾನವ ಹಕ್ಕು ಇಲ್ವಾ ಸಾರ್?' ಖಂಡಿತ ಇದೆ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ನೆಪ ಹೇಳಿ ಕರೆಸಿ ಕೊಂದರು. ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿದ್ದ ಮನುಷ್ಯ ಅವರು. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದರು. ಅದೇ ವರ್ಷ ಆಗಸ್ಟ್ 14ಕ್ಕೆ ಮಿಣ್ಯಂ ಬಳಿ ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹೋದರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬಿಗೆ 22 ಜನ ಬಲಿ. ಸರ್ಕಾರ ಕೈಕಟ್ಟಿ ಕೂರಬೇಕಿತ್ತು ಅಂತ ಯಾರೂ ಹೇಳಲ್ಲ.

ಕರ್ನಾಟಕ, ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಬಂದವು. ಗಡಿ ಭದ್ರತಾ ಪಡೆಯೂ ಬಂತು, ಪಾಕಿಸ್ತಾನದ ಗಡಿ ಕಾಯೋರು! ಆಗ ಹನೂರು ತಾಲೂಕು ಇರಲಿಲ್ಲ, ಚಾಮರಾಜನಗರ ಜಿಲ್ಲೆಯೂ ಇರಲಿಲ್ಲ; ಎಲ್ಲಾ ಮೈಸೂರು ಜಿಲ್ಲೆಯೇ. ಜಿಲ್ಲಾ ಕೇಂದ್ರ ಅಷ್ಟು ದೂರ ಇದ್ದಾಗ ದೂರು ಕೊಡಲು ಯಾರ ಹತ್ತಿರ ಹೋಗೋದು? ವೀರಪ್ಪನ್ನಿಗೆ ಅಕ್ಕಿ ಕೊಟ್ಟರೆ ಪೊಲೀಸರು ಹಿಡೀತಾರೆ, ಪೊಲೀಸರಿಗೆ ಸುಳಿವು ಕೊಟ್ಟರೆ ವೀರಪ್ಪನ್ ಕೊಲ್ತಾನೆ. ಸೋಲಿಗರ ಪೋಡುಗಳಲ್ಲಿ, ತಮಿಳು ಮಾತಾಡುವ ಊರುಗಳಲ್ಲಿ ಬದುಕು ಹಾಗಾಯಿತು.

ಮಲೆ ಮಹದೇಶ್ವರ ಬೆಟ್ಟದ ಕ್ಯಾಂಪಿನಲ್ಲಿ ಒಂದು ಜಾಗ ಇತ್ತು. ಅದಕ್ಕೆ 'ವರ್ಕ್‌ಶಾಪ್' ಅಂತ ಹೆಸರು. ನಾನು ಎಂಜಿನಿಯರಿಂಗ್ ಓದಿದವನು. ನಮಗೆ ವರ್ಕ್‌ಶಾಪ್ ಅಂದರೆ ಖಾಕಿ ಕೋಟು ಹಾಕ್ಕೊಂಡು ಕಬ್ಬಿಣಕ್ಕೆ ಅರ ಹಾಕೋ ಮೊದಲ ವರ್ಷದ ಲ್ಯಾಬು. ಅಲ್ಲಿಗೆ ಹೋಗಿ ಬಂದವರು ಹೇಳಿದ್ದು ಬಟ್ಟೆ ಬಿಚ್ಚಿಸಿ ನೇತು ಹಾಕಿದ್ದು, ಕರೆಂಟ್ ಶಾಕ್ ಕೊಟ್ಟಿದ್ದು. ಹೆಂಗಸರಿಗೂ. ಉಘೇ ಮಾದಪ್ಪ ಅಂತ ಜನ ಹತ್ತೋ ಬೆಟ್ಟ ಅದು.

ದೂರುಗಳ ಮೇಲೆ ದೂರು ಹೋಗಿ, 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಮಿತಿ ಮಾಡಿತು. ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ, ಜೊತೆಗೆ ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್. ಜನ ಬಂದು ಎದುರಿಗೆ ನಿಂತು ಸಾಕ್ಷಿ ಹೇಳಿದರು. ಸಮವಸ್ತ್ರದವರು ಇನ್ನೂ ಅದೇ ಕಾಡಿನಲ್ಲಿ ಓಡಾಡ್ತಿದ್ದಾಗ! ಆ ಧೈರ್ಯಕ್ಕೆ ಯಾವ ಪದಕವೂ ಇಲ್ಲ. ಅಕ್ರಮ ಬಂಧನ, ಚಿತ್ರಹಿಂಸೆಯ ಹಲವು ಸಾಕ್ಷ್ಯಗಳನ್ನು ಸಮಿತಿ ನಂಬಿತು. ವರದಿ ಸಲ್ಲಿಕೆಯಾದದ್ದು 2003ರ ಡಿಸೆಂಬರಿನಲ್ಲಿ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸತ್ತ. ಬಹುಮಾನ, ಬಡ್ತಿ, ನಿವೇಶನದ ಗದ್ದಲದಲ್ಲಿ ವರದಿಯನ್ನು ಯಾರು ಕೇಳ್ತಾರೆ?

2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಕೊಡಿ ಅಂದಿತು. ಸರಾಸರಿ ತೆಗೆದರೆ ತಲಾ ಸುಮಾರು 3 ಲಕ್ಷದ 15 ಸಾವಿರ. ಅದರ ಹೆಸರು ಮಧ್ಯಂತರ ಪರಿಹಾರ. ಸಿನಿಮಾದಲ್ಲಿ ಮಧ್ಯಂತರ ಅಂತ ಬಂದರೆ ಜನ ಕಾಫಿ ಕುಡಿದು ವಾಪಸ್ ಬರ್ತಾರೆ, ಉಳಿದರ್ಧ ಇರುತ್ತೆ ಅನ್ನೋ ನಂಬಿಕೆಯಿಂದ. ಇಲ್ಲಿ ಪರದೆ ಮತ್ತೆ ಏಳಲೇ ಇಲ್ಲ. ಸಮಿತಿ ನಂಬಿದ ಆ ಹಿಂಸೆಗೆ ಒಬ್ಬನೇ ಒಬ್ಬ ಅಧಿಕಾರಿಗೂ ಶಿಕ್ಷೆ ಆಗಿಲ್ಲ. ತಪ್ಪು ನಡೆದಿಲ್ಲ ಅಂದರೆ ದುಡ್ಡು ಯಾಕೆ? ನಡೆದಿದೆ ಅಂದರೆ ಮಾಡಿದವರು ಯಾರು?

ಈ ಪ್ರಶ್ನೆ ಕೇಳೋಕೆ ನನಗೆ ದಾರಿ ತೋರಿಸಿದ್ದು ಒಬ್ಬ ಪೊಲೀಸ್ ಅಧಿಕಾರಿಯ ತಂದೆ. 2000ದಲ್ಲಿ ರಾಜ್‌ಕುಮಾರ್ ಬಿಡುಗಡೆಗಾಗಿ ಸರ್ಕಾರ ಟಾಡಾ ಕೇಸುಗಳನ್ನೇ ವಾಪಸ್ ಪಡೆಯಲು ಹೊರಟಿತು. ಇಡೀ ರಾಜ್ಯ 'ಹೇಗಾದ್ರೂ ಆಗಲಿ, ಅಣ್ಣಾವ್ರು ಬರಲಿ' ಅಂತಿದ್ದಾಗ, ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರಿನಲ್ಲಿ ಕೋರ್ಟು ಸರ್ಕಾರದ ಕೈ ಹಿಡಿದು ನಿಲ್ಲಿಸಿತು. ಮೈಸೂರಿನಲ್ಲಿ ವಿಚಾರಣೆ ನಡೆದು 2001ರಲ್ಲಿ ತೀರ್ಪು ಬಂತು. ಕೆಲವರಿಗೆ ಶಿಕ್ಷೆಯಾಯಿತು, ವರ್ಷಗಟ್ಟಲೆ ಒಳಗಿದ್ದ ಬಹುಪಾಲು ಜನ ನಿರ್ದೋಷಿಗಳಾಗಿ ಹೊರಬಂದರು. ಕರೀಂ ಸಾಹೇಬರು ಕೇಳಿದ್ದು ಕೊಲೆಯ ಆರೋಪವನ್ನು ಕೋರ್ಟು ತೀರ್ಮಾನಿಸಲಿ ಅಂತ. ಬೆಟ್ಟದ ಜನ ಕೇಳ್ತಿರೋದೂ ಅದೇ. ಒಬ್ಬರಿಗೆ ಸಿಕ್ಕಿತು.

ಆಗಲ್ಲ ಅನ್ನಬೇಡಿ. ಗೋಪಿನಾಥಂನಿಂದ ಹೊಳೆ ದಾಟಿದರೆ ಧರ್ಮಪುರಿ ಜಿಲ್ಲೆ. ಅಲ್ಲಿ ವಾಚಾತಿ ಅಂತ ಬುಡಕಟ್ಟು ಜನರ ಊರು. 1992ರ ಜೂನ್ 20ರಂದು ಶ್ರೀಗಂಧ ಹುಡುಕೋ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿ ಊರು ಹಾಳುಮಾಡಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯಿತು. ತನಿಖೆ ಸಿಬಿಐಗೆ ಹೋಯಿತು. 269 ಆರೋಪಿಗಳು, ಎಲ್ಲರೂ ಸರ್ಕಾರಿ ನೌಕರರು. ತೀರ್ಪು ಬರುವಷ್ಟರಲ್ಲಿ 54 ಜನ ಸತ್ತಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರು ಅಂತ 2011ರಲ್ಲಿ ಧರ್ಮಪುರಿ ಕೋರ್ಟು ಹೇಳಿತು; 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ನಮ್ಮ ಕಡೆ, 1993ರಲ್ಲಿ 30 ವರ್ಷ ಆಗಿದ್ದ ಹೆಣ್ಣುಮಗಳಿಗೆ ಈಗ 60 ದಾಟಿದೆ. ಗೃಹ ಇಲಾಖೆಯವರೇ, ಸದಾಶಿವ ಸಮಿತಿಯ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಬದುಕಿರುವವರ ಹೇಳಿಕೆಯನ್ನು ಕೊಳ್ಳೇಗಾಲದಲ್ಲೇ ಮ್ಯಾಜಿಸ್ಟ್ರೇಟ್ ಮುಂದೆ ಬರೆಸಿಕೊಳ್ಳಿ. ಬೆಂಗಳೂರಿಗೆ ಬನ್ನಿ ಅನ್ನಬೇಡಿ, ಬಸ್ ಚಾರ್ಜಿಗೂ ಅವರು ಯೋಚಿಸಬೇಕು.