ಗುಳಿಗೆಯಿಲ್ಲದೆ ಕೊಲೆಸ್ಟೆರಾಲ್: ಒಂದು ವಿದ್ಯೆ ನಡೆದು ಬಂದ ದಾರಿ

ಆಹಾರ ಸಲಹೆಗೆಂದು ಬರುವವರು ಈಚೆಗೆ ಪ್ರಶ್ನೆಯ ಜೊತೆ ಉತ್ತರವನ್ನೂ ತಂದಿರುತ್ತಾರೆ. ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ, ಆಮಸೂಲಿನ ನೀರು, ಜೇನಿನಲ್ಲಿ ಕಲಸಿದ ದಾಲ್ಚಿನ್ನಿ, ಮೊಬೈಲಿನಲ್ಲಿ ನೋಡಿದ ಯಾವುದೋ ಕಷಾಯ. ಖಾನಾಪುರ ಕಡೆಯ ಹಿರಿಯರೊಬ್ಬರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕೂತ ಕೂಡಲೇ ಹೇಳಿದರು: “ಬಾಯಾರ, ದಿನಾ ಮುಂಜಾನೆ ನಾಕು ಎಸಳು ಬಳ್ಳೊಳ್ಳಿ ತಿಂತೀನ್ರಿ, ಗುಳಿಗಿ ಬಿಟ್ಟೀನಿ.” ಅವರ ಕೈಲಿದ್ದ ಲ್ಯಾಬ್ ವರದಿಯಲ್ಲಿ ಕೆಟ್ಟ ಕೊಲೆಸ್ಟೆರಾಲ್ ಎನ್ನುವ ಎಲ್‌ಡಿಎಲ್ ಮತ್ತೆ ಏರಿತ್ತು. ಬೆಳಗಾವಿಯಲ್ಲಿ ಇಂಥ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಊಟದಿಂದ ಕೊಲೆಸ್ಟೆರಾಲ್ ಇಳಿಸುವುದು ಊಹೆಯ ವಿಷಯವಲ್ಲ. ಅದಕ್ಕೆ ಅರವತ್ತು ವರ್ಷಕ್ಕೂ ಮಿಕ್ಕಿದ ಸಂಶೋಧನೆಯ ಇತಿಹಾಸವಿದೆ, ಯಾವ ಪದಾರ್ಥ ಎಷ್ಟು ಇಳಿಸುತ್ತದೆ ಎಂಬ ಲೆಕ್ಕವೂ ಇದೆ. ಆ ಇತಿಹಾಸವನ್ನು ಯಾರೂ ಹೇಳುತ್ತಿಲ್ಲ ಎಂಬುದೇ ನನ್ನ ಸಂಕಟ.

ಆರಂಭದ ಕಥೆ ಚಿಕ್ಕದು. ಪಿತ್ತಕೋಶದ ಕಲ್ಲಿನಲ್ಲಿ ಹದಿನೆಂಟನೇ ಶತಮಾನದಲ್ಲೇ ಕಂಡ ಈ ಮೇಣದಂಥ ವಸ್ತುವಿಗೆ ಫ್ರಾನ್ಸಿನ ಶೆವ್ರಲ್ 1815ರಲ್ಲಿ ಹೆಸರಿಟ್ಟ. ರಷ್ಯಾದ ಅನಿಚ್ಕೋವ್ 1913ರಲ್ಲಿ ಮೊಲಗಳಿಗೆ ಅದನ್ನೇ ತಿನ್ನಿಸಿ ರಕ್ತನಾಳ ಕಟ್ಟುವುದನ್ನು ತೋರಿಸಿದ. ಸೊಪ್ಪು ತಿನ್ನುವ ಮೊಲದ ದೇಹ ನಮ್ಮ ದೇಹದಂತಲ್ಲ. ನಮ್ಮ ಕೊಲೆಸ್ಟೆರಾಲಿನ ಹೆಚ್ಚಿನ ಪಾಲನ್ನು ಯಕೃತ್ತೇ ತಯಾರಿಸುತ್ತದೆ. ಮೊಟ್ಟೆಯ ಮೇಲಿನ ಭಯಕ್ಕೆ ಮೂಲ ಆ ಮೊಲಗಳು, ಆ ಭಯ ಅಳಿಯಲು ಒಂದು ಶತಮಾನ ಬೇಕಾಯಿತು. 1950ರ ದಶಕದಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವರ ಸಮಕಾಲೀನರು ಪ್ರಶ್ನೆಯನ್ನು ಸರಿಯಾದ ಜಾಗಕ್ಕೆ ತಂದರು: ತಿಂದ ಕೊಲೆಸ್ಟೆರಾಲಿಗಿಂತ ತಿಂದ ಕೊಬ್ಬಿನ ಜಾತಿ ಮುಖ್ಯ. ಬೆಣ್ಣೆ, ವನಸ್ಪತಿಯಂಥ ಗಟ್ಟಿ ಕೊಬ್ಬಿನ ಜಾಗಕ್ಕೆ ಬೀಜದ ಎಣ್ಣೆ ಬಂದರೆ ರಕ್ತದ ಅಂಕಿ ಇಳಿಯುತ್ತದೆ.

ಭಾರತದಿಂದ ಬಂದ ಮೊದಲ ದೊಡ್ಡ ಸದ್ದು ರೈಲ್ವೆಯದು. 1967ರಲ್ಲಿ ಎಸ್.ಎಲ್. ಮಲ್ಹೋತ್ರಾ ರೈಲ್ವೆ ನೌಕರರ ದಾಖಲೆ ನೋಡಿ, ತುಪ್ಪ ಹಾಲು ಧಾರಾಳವಾಗಿ ಉಣ್ಣುವ ಪಂಜಾಬಿಗಳಿಗಿಂತ ಎಣ್ಣೆ ಬಳಸುವ ದಕ್ಷಿಣದವರಲ್ಲಿ ಹೃದಯರೋಗ ಏಳು ಪಟ್ಟು ಹೆಚ್ಚು ಎಂದು ಬರೆದರು. ತುಪ್ಪದ ಪರ ವಾದಿಸುವವರು ಇವತ್ತಿಗೂ ಈ ಅಧ್ಯಯನವನ್ನೇ ಮುಂದೆ ಹಿಡಿಯುತ್ತಾರೆ. ಆದರೆ ಅದು ದಾಖಲೆಗಳ ಹೋಲಿಕೆ, ಯಾರ ಊಟವನ್ನೂ ಬದಲಿಸಿ ನೋಡಿದ ಪ್ರಯೋಗವಲ್ಲ. ಒಂದು ನಾಡಿನವರಿಗೂ ಇನ್ನೊಂದು ನಾಡಿನವರಿಗೂ ಎಣ್ಣೆಯೊಂದರಲ್ಲೇ ವ್ಯತ್ಯಾಸವಿರುವುದಿಲ್ಲ.

ಮರುವರ್ಷವೇ ಬಂದ ಇನ್ನೊಂದು ಅಧ್ಯಯನವನ್ನು ಮಾತ್ರ ನಾವು ಮರೆತುಬಿಟ್ಟೆವು. ಆಗ್ರಾದಲ್ಲಿ ಕೆ.ಎಸ್. ಮಾಥುರ್ ಮತ್ತು ಸಂಗಡಿಗರು ಬೆಣ್ಣೆ ಕೊಬ್ಬು ಹೆಚ್ಚಿದ್ದ ಊಟವನ್ನು ಹಾಗೇ ಬಿಟ್ಟು, ಅದರಲ್ಲಿದ್ದ ಧಾನ್ಯದ ಜಾಗಕ್ಕೆ ಕಡಲೆ ಕೊಟ್ಟರು. ರಕ್ತದ ಕೊಲೆಸ್ಟೆರಾಲ್ ಇಳಿಯಿತು, ಕಡಲೆ ಮುಂದುವರಿದಷ್ಟು ಕಾಲ ಇಳಿದೇ ಇತ್ತು. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದಲ್ಲಿ ಭಾರತೀಯರು ಮಾಡಿದ ಅತ್ಯುತ್ತಮ ಕೆಲಸ ಇದು. ಕಡಲೆ ಎಂದರೆ ಧಾರವಾಡ, ಗದಗ, ಬೆಳಗಾವಿಯ ಎರಿ ಹೊಲದ ಹಿಂಗಾರಿ ಬೆಳೆ. ಅಣ್ಣಿಗೇರಿಯ ಹೆಸರಿನ ತಳಿಯನ್ನು ದೇಶವೆಲ್ಲ ಬಿತ್ತಿದೆ. ಆದರೂ ಕೊಲೆಸ್ಟೆರಾಲ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಪೊಟ್ಟಣದ ಓಟ್ಸ್.

ಅದೇ ಹೊತ್ತಿಗೆ ಇನ್ನೊಂದು ಹಾದಿ ತೆರೆದಿತ್ತು. ಸುಶ್ರುತ ಸಂಹಿತೆಯ ಮೇದೋರೋಗದ ವಿವರಣೆ ಹಿಡಿದು ಜಿ.ವಿ. ಸತ್ಯವತಿ 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಗುಗ್ಗುಳದ ಮೇಲೆ ಪ್ರಬಂಧ ಸಲ್ಲಿಸಿದರು. ಮುಂದೆ ಅವರು ಐಸಿಎಂಆರ್‌ನ ಮಹಾನಿರ್ದೇಶಕಿಯಾದರು. ಲಖನೌದ ಔಷಧ ಸಂಸ್ಥೆಯ ಶ್ರಮದಿಂದ ಗುಗ್ಗುಳದ ಸಾರವಾದ ಗುಗ್ಗುಲಿಪಿಡ್ 1980ರ ದಶಕದ ಕೊನೆಗೆ ಮಾರುಕಟ್ಟೆಗೂ ಬಂತು. ಹಳೆಯ ಗ್ರಂಥದ ಒಂದು ಮಾತನ್ನು ಪ್ರಯೋಗಶಾಲೆಯವರೆಗೆ ಕೊಂಡೊಯ್ದ ಆ ಧೈರ್ಯವನ್ನು ನಾನು ಗೌರವಿಸುತ್ತೇನೆ. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ಕಟ್ಟುನಿಟ್ಟಿನ ಪರೀಕ್ಷೆ ನಡೆದಾಗ ಗುಗ್ಗುಲಿಪಿಡ್ ತೆಗೆದುಕೊಂಡವರ ಎಲ್‌ಡಿಎಲ್ ಇಳಿಯುವ ಬದಲು ಶೇ. 4ರಿಂದ 5ರಷ್ಟು ಏರಿತು. ಬೆಳ್ಳುಳ್ಳಿಗೂ ಇದೇ ಗತಿ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹಸಿ ಬೆಳ್ಳುಳ್ಳಿಯನ್ನೂ ಎರಡು ಬಗೆಯ ಬೆಳ್ಳುಳ್ಳಿ ಗುಳಿಗೆಯನ್ನೂ ಆರು ತಿಂಗಳು ಕೊಟ್ಟು ನೋಡಿದರು, ಎಲ್‌ಡಿಎಲ್ ಕದಲಲಿಲ್ಲ. 2022ರಲ್ಲಿ ಕ್ಲೀವ್‌ಲೆಂಡಿನಲ್ಲಿ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಷಿಣ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ ಇವುಗಳ ಮಾತ್ರೆಗಳನ್ನು 28 ದಿನ ಕೊಟ್ಟು ಸಣ್ಣ ಪ್ರಮಾಣದ ಸ್ಟ್ಯಾಟಿನ್ ಎಂಬ ಕೊಲೆಸ್ಟೆರಾಲ್ ಗುಳಿಗೆಯ ಜೊತೆ ಹೋಲಿಸಿದರು. ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಶೇ. 38ರಷ್ಟು ಇಳಿಸಿತು. ಆ ಆರರಲ್ಲಿ ಯಾವುದೂ ಔಷಧವಿಲ್ಲದ ಬರೀ ಮಾತ್ರೆಗಿಂತ ಮೇಲೆನಿಸಲಿಲ್ಲ.

ಸ್ಟ್ಯಾಟಿನ್ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಶತ್ರುವಿನಂತೆ ನೋಡುವವರು ಹೆಚ್ಚಾಗಿದ್ದಾರೆ. ಜಪಾನಿನ ಅಕಿರಾ ಎಂಡೋ 1970ರ ದಶಕದ ಆರಂಭದಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದದ್ದು ಒಂದು ಬೂಷ್ಟಿನಿಂದ. ಕೆಂಪು ಯೀಸ್ಟ್ ಅಕ್ಕಿಯಲ್ಲಿ ಕೆಲಸ ಮಾಡುವ ಅಂಶವೂ ಲೋವಾಸ್ಟ್ಯಾಟಿನ್ ಎಂಬ ಔಷಧದ ಅಣುವೇ. ವ್ಯತ್ಯಾಸವೆಂದರೆ ಡಬ್ಬಿಯಲ್ಲಿ ಅದು ಎಷ್ಟಿದೆ ಎಂದು ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4444 ಹೃದ್ರೋಗಿಗಳ ಅಧ್ಯಯನ ಬಂದ ಮೇಲೆ, ಒಮ್ಮೆ ಹೃದಯಾಘಾತವಾದವರಿಗೆ ಸ್ಟ್ಯಾಟಿನ್ ಜೀವ ಉಳಿಸುತ್ತದೆ ಎಂಬುದರಲ್ಲಿ ಸಂಶಯ ಉಳಿದಿಲ್ಲ.

ಹಾಗಿದ್ದರೂ ಆಹಾರದ ವಿದ್ಯೆ ಸಾಯಲಿಲ್ಲ, ನನ್ನ ತಲೆಮಾರಿನ ಕಣ್ಣೆದುರೇ ಅದು ಪ್ರೌಢವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಆರ್.ಡಿ. ಶರ್ಮಾ ಮೆಂತ್ಯದ ಮೇಲೆ ಕೆಲಸ ಮಾಡಿದರು. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಕೆ. ಶ್ರೀನಿವಾಸನ್ ಮತ್ತು ತಂಡ ಮೆಣಸಿನಕಾಯಿ, ಈರುಳ್ಳಿ, ಮೆಂತ್ಯಗಳನ್ನು ದಶಕಗಳ ಕಾಲ ಪರೀಕ್ಷಿಸಿತು, ಹೆಚ್ಚಿನದು ಇಲಿಗಳ ಮೇಲೆ. ಶರ್ಮಾ ಅವರು ಮಧುಮೇಹಿಗಳಿಗೆ ಕೊಟ್ಟದ್ದು ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಮೆಂತ್ಯದ ಪುಡಿ. ರಾತ್ರಿ ನೆನೆಸಿ ಬೆಳಿಗ್ಗೆ ನುಂಗುವ ಒಂದು ಚಮಚ ಮೆಂತ್ಯ ಅದರ ಹತ್ತಿರವೂ ಬರುವುದಿಲ್ಲ. ಮೆಂತ್ಯದ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ, ಆದರೆ ಪತ್ರಿಕೆಗಳ ಆರೋಗ್ಯ ಪುಟಗಳು ಬಿಟ್ಟುಬಿಡುವುದೂ ಇದನ್ನೇ.

ಮೆಂತ್ಯದಂಥ ಪದಾರ್ಥಗಳು ಕೊಲೆಸ್ಟೆರಾಲ್ ಇಳಿಸುವ ಬಗೆ ಸರಳ. ಯಕೃತ್ತು ಕೊಲೆಸ್ಟೆರಾಲಿನಿಂದ ಪಿತ್ತಾಮ್ಲ ತಯಾರಿಸಿ ಪಿತ್ತರಸದಲ್ಲಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಅದರ ಬಹುಪಾಲು ಮರಳಿ ಯಕೃತ್ತಿಗೆ ಸೇರುತ್ತದೆ. ಓಟ್ಸ್, ಬಾರ್ಲಿ, ಕಾಳು, ಮೆಂತ್ಯ, ಬೆಂಡೆಗಳಲ್ಲಿರುವ ಲೋಳೆಯಂಥ ನಾರು ಆ ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುತ್ತದೆ. ಕೊರತೆ ತುಂಬಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುತ್ತದೆ. ಹೀಗಾಗಿ ನಾರು ಪ್ರತಿ ಊಟದಲ್ಲೂ, ಪ್ರತಿದಿನವೂ, ಸಾಕಷ್ಟು ಇರಬೇಕು.

ಟೊರಾಂಟೋದ ಡೇವಿಡ್ ಜೆಂಕಿನ್ಸ್ ಈ ಚದುರಿದ ತುಣುಕುಗಳನ್ನೆಲ್ಲ ಒಂದೇ ತಟ್ಟೆಗೆ ತಂದರು. ಕೊಬ್ಬು ಹಿತಮಿತವಾದ ಊಟಕ್ಕೆ ಲೋಳೆ ನಾರು, ಸೋಯಾ ಪ್ರೋಟೀನ್, ಬಾದಾಮಿ, ಸಸ್ಯ ಸ್ಟೆರಾಲ್ ಸೇರಿಸಿ 2003ರಲ್ಲಿ 46 ಜನರ ಪ್ರಯೋಗದಲ್ಲಿ ಒಂದು ಗುಂಪಿಗೆ ಒಂದು ತಿಂಗಳು ಉಣಿಸಿದರು. ಎಲ್‌ಡಿಎಲ್ ಶೇ. 28.6 ಇಳಿಯಿತು, ಅದೇ ಪ್ರಯೋಗದಲ್ಲಿ ಲೋವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಶೇ. 30.9. ಅದನ್ನು ಓದಿದ ದಿನ ನಮ್ಮಂಥವರಿಗೆ ಆದ ಸಂತೋಷ ಸಣ್ಣದಲ್ಲ. ಗುಳಿಗೆಯ ಸಮಕ್ಕೆ ನಿಂತದ್ದು ಯಾವುದೋ ಒಂದು ಬೇರಲ್ಲ, ಇಡೀ ಊಟ. ಆ ಊಟದ ನಾರಿನಲ್ಲಿ ಬೆಂಡೆಕಾಯಿ ಮತ್ತು ಬದನೆಕಾಯಿ ಇದ್ದವು. ಮಂದಿ ತಮ್ಮ ಮನೆಯಲ್ಲಿ ತಾವೇ ಅಡುಗೆ ಮಾಡಿಕೊಂಡು ಒಂದು ವರ್ಷ ನಡೆಸಿದಾಗ ಸರಾಸರಿ ಇಳಿಕೆ ಶೇ. 13ರ ಆಸುಪಾಸಿಗೆ ಬಂತು. ನಿಷ್ಠೆಯಿಂದ ಪಾಲಿಸಿದ ಮೂರರಲ್ಲಿ ಒಂದು ಪಾಲು ಜನ ಮಾತ್ರ ಶೇ. 20 ದಾಟಿದರು. 2014ರಲ್ಲಿ 26 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ದಿನಕ್ಕೆ 130 ಗ್ರಾಂ ಬೆಂದ ಕಾಳು ಉಂಡರೆ ಎಲ್‌ಡಿಎಲ್ ಶೇ. 5 ಇಳಿಯುತ್ತದೆ ಎಂದಿತು. ಶೇ. 5 ಎಂದರೆ ಕೇಳುವವರಿಗೆ ನಿರಾಸೆ. ಆದರೆ ಗಟ್ಟಿ ಕೊಬ್ಬು ಬಿಟ್ಟದ್ದು, ಕಾಳು, ನಾರು, ಶೇಂಗಾ-ಬಾದಾಮಿ, ಇಳಿದ ತೂಕ ಇವೆಲ್ಲ ಕೂಡಿಯೇ ಮೊತ್ತವಾಗುವುದು.

ಈ ಲೆಕ್ಕ ಹಿಡಿದು ನಮ್ಮ ಜಿಲ್ಲೆಯ ಊಟ ನೋಡಿದರೆ ನನಗೆ ಪ್ರತಿ ಸಲವೂ ಬೆರಗಾಗುತ್ತದೆ. ಬೈಲಹೊಂಗಲ, ಸವದತ್ತಿ ಕಡೆಯ ಊಟದಲ್ಲಿ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯೆ, ಪಕ್ಕಕ್ಕೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಅಗಸೆಯನ್ನೇ ನೋಡಿ. ಇಡೀ ಬೀಜ ನುಂಗಿದರೆ ಬಂದ ಹಾಗೇ ಹೊರಗೆ ಹೋಗುತ್ತದೆ. ನಮ್ಮ ಅಜ್ಜಿಯರು ಅದನ್ನು ಹಂಚಿನ ಮೇಲೆ ಚಟಪಟ ಎನ್ನುವಷ್ಟು ಹುರಿದು, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟುತ್ತಿದ್ದರು. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿದ ರೋಗಿಗಳಿಗೆ ಕೊಟ್ಟದ್ದೂ ಪುಡಿ ಮಾಡಿದ ಅಗಸೆಯೇ, ದಿನಕ್ಕೆ 30 ಗ್ರಾಂ. ಮೊದಲ ತಿಂಗಳಿಗೇ ಎಲ್‌ಡಿಎಲ್ ಸುಮಾರು ಶೇ. 15 ಇಳಿದಿತ್ತು. ನಾವು ರೊಟ್ಟಿಯ ಅಂಚಿಗೆ ಹಚ್ಚಿಕೊಳ್ಳುವುದು ಒಂದು ಚಮಚ. ಆ 30 ಗ್ರಾಂ ತುಂಬುವಷ್ಟು ಹಿಂಡಿ ಉಂಡರೆ ಉಪ್ಪು ಹೆಚ್ಚಾಗುತ್ತದೆ, ಹಾಗಾಗಿ ಹಿಟ್ಟಿನಲ್ಲೂ ಮೊಸರಿನಲ್ಲೂ ಉಪ್ಪಿಲ್ಲದ ಪುಡಿ ಕಲಸಿಕೊಳ್ಳಲು ನಾನು ಹೇಳುತ್ತೇನೆ.

ಖಾನಾಪುರ ತಾಲೂಕಿನ ಪಶ್ಚಿಮ ಭಾಗದ ಪಾಡೇ ಬೇರೆ. ಜಾಂಬೋಟಿ, ಕಣಕುಂಬಿ ಕಡೆ ಮಳೆ ಸುರಿಯುವ ಘಟ್ಟ, ಭತ್ತದ ಗದ್ದೆ, ಎರಡು ಹೊತ್ತು ಅನ್ನ. ಅಲ್ಲಿನ ವರದಿಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಏರಿದ ಟ್ರೈಗ್ಲಿಸರೈಡ್, ಇಳಿದ ಒಳ್ಳೆಯ ಕೊಲೆಸ್ಟೆರಾಲ್, ಎಂದರೆ ಎಚ್‌ಡಿಎಲ್. ಅಲ್ಲಿ ಎಣ್ಣೆಗಿಂತ ಮೊದಲು ಅನ್ನದ ಪ್ರಮಾಣ, ಸಕ್ಕರೆ, ಸೆರೆ ಇವುಗಳ ಮಾತಾಡಬೇಕು. ಅದೇ ಕಾಡಿನ ಮುರುಗಲು ಹಣ್ಣಿನ ಸಿಪ್ಪೆ ಈಗ ತೂಕ ಇಳಿಸುವ ಔಷಧವೆಂದು ಹೆಸರಾಗಿದೆ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು 1998ರಲ್ಲೇ ಅಮೆರಿಕದಲ್ಲಿ ಪರೀಕ್ಷಿಸಿ ತೂಕಕ್ಕೆ ಉಪಯೋಗವಿಲ್ಲವೆಂದು ಕಂಡಿದ್ದರು. ಯಾರೂ ಗಮನಿಸದ ಸಂಗತಿ ಅದರ ಬೀಜದಲ್ಲಿದೆ. ಹಿಮ್ಮಡಿ ಒಡೆದಾಗ ಹಚ್ಚುವ ಮುರುಗಲು ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸ್ಟಿಯರಿಕ್ ಆಮ್ಲ. ಅದು ಗಟ್ಟಿ ಕೊಬ್ಬೇ ಆದರೂ ಎಲ್‌ಡಿಎಲ್ ಏರಿಸುವುದಿಲ್ಲ ಎಂದು 1988ರಲ್ಲಿ ಬೊನಾನೋಮ್ ಮತ್ತು ಗ್ರಂಡಿ ತೋರಿಸಿದರು. ಬೇಕರಿಗೆ ಗಟ್ಟಿ ಕೊಬ್ಬು ಬೇಕೇ ಬೇಕೆಂದಾದರೆ ಯೋಚಿಸಬೇಕಾದ ವಸ್ತು ಇದು.

ಏಕೆಂದರೆ ತಟ್ಟೆ ಕೆಟ್ಟದ್ದು ಅಲ್ಲಿಯೇ. 1937ರಿಂದ ಮನೆಮನೆಗೆ ಬಂದ ಡಾಲ್ಡಾ, ಆಮೇಲೆ ಪಾಮೊಲಿನ್, ಚಹಾದ ಜೊತೆಗಿನ ಖಾರಿ ಮತ್ತು ಟೋಸ್ಟ್, ಫರಸಾಣದ ಅಂಗಡಿಯಲ್ಲಿ ಮತ್ತೆ ಮತ್ತೆ ಕಾದ ಎಣ್ಣೆ. ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ ಎಂದು 1990ರಲ್ಲೇ ಗೊತ್ತಾಗಿತ್ತು. ನಮ್ಮಲ್ಲಿ ಅದು ಶೇ. 2ರ ಮಿತಿಗೆ ಬಂದದ್ದು 2022ರಲ್ಲಿ. ಕುಸುಬಿ ಎಣ್ಣೆಯ ಗಾಣ ಮುಚ್ಚಿದ್ದಕ್ಕೆ ಮರುಗುವವರಲ್ಲಿ ನಾನೂ ಒಬ್ಬಳು. ಆದರೆ ಅದರ ಇತಿಹಾಸವನ್ನೂ ಪೂರ್ತಿ ಹೇಳಬೇಕು. 1966ರಿಂದ 1973ರವರೆಗೆ ಸಿಡ್ನಿಯಲ್ಲಿ ಹೃದ್ರೋಗಿ ಗಂಡಸರಿಗೆ ಕುಸುಬಿ ಎಣ್ಣೆ ಮತ್ತು ಅದರ ಮಾರ್ಗರೀನ್ ಕೊಟ್ಟಾಗ ಕೊಲೆಸ್ಟೆರಾಲ್ ಇಳಿಯಿತು, ಸಾವು ಹೆಚ್ಚಿತು. ಹೃದ್ರೋಗದ ಸಾವೂ ಹೆಚ್ಚಿತ್ತೆಂಬುದನ್ನು ಹಳೆಯ ದಾಖಲೆ ಕೆದಕಿ 2013ರಲ್ಲಿ ಹೊರಗೆಳೆದರು. ಮಾರ್ಗರೀನಿನ ಟ್ರಾನ್ಸ್ ಕೊಬ್ಬಿನ ಪಾಲು ಅದರಲ್ಲಿತ್ತೆಂದು ವಾದಿಸಬಹುದು. ಹಾಗಿದ್ದರೂ ಒಂದೇ ಎಣ್ಣೆಯನ್ನು ನೆಚ್ಚುವುದು ಬೇಡ. ಶೇಂಗಾ, ಕುಸುಬಿ, ಸಾಸಿವೆ ಬದಲಿಸುತ್ತಿರಿ, ಒಟ್ಟು ಎಣ್ಣೆ ಕಡಿಮೆ ಮಾಡಿ ಎಂಬುದೇ ನನ್ನ ಸಲಹೆ.

ಇನ್ನು ಊಟ ಕೈಚೆಲ್ಲುವ ಕಡೆ. ಹೃದಯಾಘಾತವಾದವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕೆಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ. 150 ಇರುವವರು ಜೆಂಕಿನ್ಸ್ ಊಟವನ್ನೇ ತಪ್ಪದೆ ಉಂಡರೂ ನೂರರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಗುಳಿಗೆ ಬಿಡಬಾರದು, ಸ್ನಾಯುನೋವಿನಂಥ ತೊಂದರೆಯಾದರೆ ವೈದ್ಯರನ್ನು ಕಂಡು ಬದಲಿಸಿಕೊಳ್ಳಬೇಕು. ವಂಶದಿಂದ ಬಂದ ಕೊಲೆಸ್ಟೆರಾಲ್ ಇನ್ನೂ ಗಂಭೀರ. ರಕ್ತದಿಂದ ಎಲ್‌ಡಿಎಲ್ ಎಳೆಯುವ ಗ್ರಾಹಿಯ ದೋಷವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1985ರಲ್ಲಿ ನೊಬೆಲ್ ಪಡೆದರು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಭಾಗದಲ್ಲಿ ತಂದೆ ತಾಯಿ ಇಬ್ಬರಿಂದಲೂ ಆ ದೋಷ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಮೊಣಕೈ, ಹಿಮ್ಮಡಿಯ ಸ್ನಾಯುರಜ್ಜಿನ ಮೇಲೆ ಹಳದಿ ಗಂಟು ಕಂಡರೆ, ಮನೆಯಲ್ಲಿ ನಲವತ್ತರೊಳಗೆ ಯಾರಾದರೂ ಹೃದಯಾಘಾತದಿಂದ ತೀರಿಕೊಂಡಿದ್ದರೆ, ಮಕ್ಕಳ ರಕ್ತವನ್ನೂ ಪರೀಕ್ಷಿಸಬೇಕು.

2023ರ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದ ಶೇ. 24 ವಯಸ್ಕರಲ್ಲಿ ಕೊಲೆಸ್ಟೆರಾಲ್ ಹೆಚ್ಚಿದೆ ಎಂದಿದೆ. ಇವರೆಲ್ಲರಿಗೂ ನಾಳೆಯೇ ಗುಳಿಗೆ ಬೇಕಿಲ್ಲ, ಆದರೆ ಎಲ್ಲರಿಗೂ ಊಟ ಬೇಕು. ಸಿರಿಧಾನ್ಯದ ಪ್ರಯೋಗಗಳನ್ನು ಇಕ್ರಿಸ್ಯಾಟ್‌ನ ಎಸ್. ಅನಿತಾ ಮತ್ತು ಸಂಗಡಿಗರು 2021ರಲ್ಲಿ ಒಟ್ಟುಗೂಡಿಸಿದಾಗ ಸಿಕ್ಕಿದ್ದು 19 ಅಧ್ಯಯನ, ಒಂಬೈನೂರರಷ್ಟು ಜನ. ಓಟ್ಸ್‌ಗೆ ಅಮೆರಿಕ ಸರ್ಕಾರ 1997ರಲ್ಲೇ ಮುದ್ರೆ ಒತ್ತಿತು. ಜೋಳದ ರೊಟ್ಟಿಗೆ ಅಷ್ಟು ಪರೀಕ್ಷೆಯ ಬೆಂಬಲ ಇಂದಿಗೂ ಇಲ್ಲ. ಪರೀಕ್ಷೆ ಮಾಡುವ ಶಕ್ತಿ ಬೆಳಗಾವಿಗೆ ಇದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಈ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ನಡುವೆ ಪರೀಕ್ಷಿಸಿ ನೋಡಿದ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, ಜಗತ್ತು ಅದನ್ನು ಓದಿತು. ಅದರ ಬೆನ್ನಿಗೆ ನಿಂತದ್ದು ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಹಳ್ಳಿಯ ಎಎನ್ಎಂಗಳು. ಅದೇ ವರ್ಷ ಐಸಿಎಂಆರ್ ಇಲ್ಲಿ ತೆರೆದ ಕೇಂದ್ರ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ. ಶಹಾಪುರದಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯವಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆಯ ವಿಭಾಗವಿದೆ. ಜೋಳ ಉಣ್ಣುವ ಸವದತ್ತಿ, ಅನ್ನ ಉಣ್ಣುವ ಖಾನಾಪುರ ಒಂದೇ ಜಿಲ್ಲೆಯಲ್ಲಿವೆ. ಎರಡೂ ಕಡೆ ಒಂದಷ್ಟು ಮನೆಗಳಿಗೆ ದಿನಕ್ಕೆ 130 ಗ್ರಾಂ ಬೆಂದ ಕಡಲೆ ಇಲ್ಲವೆ ಮಡಕಿ, 30 ಗ್ರಾಂ ಅಗಸೆ ಪುಡಿ ಕೊಡಬೇಕು, ಪಾಮೊಲಿನ್ ಬಿಡಿಸಬೇಕು. ಅಷ್ಟೇ ಮನೆಗಳನ್ನು ಹೋಲಿಕೆಗೆ ಇಟ್ಟುಕೊಂಡು, ಶುರುವಿಗೆ ಒಮ್ಮೆ, ಮೂರು ತಿಂಗಳಿಗೊಮ್ಮೆ, ವರ್ಷದ ಕೊನೆಗೊಮ್ಮೆ ರಕ್ತ ತೆಗೆಯಬೇಕು. ಇದಕ್ಕೆ ಬೇಕಾದ ಕಾಳು ಮುಂದಿನ ಹಿಂಗಾರಿಯಲ್ಲಿ ಇದೇ ಜಿಲ್ಲೆಯ ಹೊಲಗಳಿಂದ ಬರುತ್ತದೆ.