ಸಣ್ಣ ಅಕ್ಷರಗಳಲ್ಲಿ ಚೀನಾವನ್ನು ಓದಿದ ಪಾದ್ರಿ

ಬ್ರಿಟನ್ನಿನ ನಿವೃತ್ತ ಫೀಲ್ಡ್ ಮಾರ್ಷಲ್ ಮಾಂಟ್‌ಗೊಮರಿ 1960 ಮತ್ತು 1961ರಲ್ಲಿ ಚೀನಾಕ್ಕೆ ಅತಿಥಿಯಾಗಿ ಹೋಗಿ ಬಂದು, ಅಲ್ಲಿ ದೊಡ್ಡ ಕ್ಷಾಮವೇನೂ ಇಲ್ಲವೆಂದು ಲೋಕಕ್ಕೆ ತಿಳಿಸಿದರು. ಮಾವೋ ಅವರ ಹಳೆಯ ಪರಿಚಯಸ್ಥ, ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ 1960ರಲ್ಲಿ ತಿಂಗಳುಗಟ್ಟಲೆ ಸುತ್ತಿದರೂ ಹಸಿವಿನಿಂದ ಸಾಯುವವರು ಅವರ ಕಣ್ಣಿಗೆ ಬೀಳಲಿಲ್ಲ. ಅದೇ ವರ್ಷಗಳಲ್ಲಿ ಚೀನಾದ ಹಳ್ಳಿಗಳಲ್ಲಿ ಲಕ್ಷೋಪಲಕ್ಷ ಜನ ಅನ್ನವಿಲ್ಲದೆ ಸಾಯುತ್ತಿದ್ದರು. ನಂತರದ ವಿದ್ವಾಂಸರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹೋಗುತ್ತದೆ. ಅತಿಥಿಗಳಿಗೆ ಕಾಣದ ಈ ಹಸಿವಿನ ಸುಳಿವು, ಗಡಿಯಾಚೆ ಹಾಂಗ್‌ಕಾಂಗ್‌ನಲ್ಲಿ ಕುಳಿತು ಚೀನಾದ್ದೇ ಪತ್ರಿಕೆಗಳನ್ನು ಓದುತ್ತಿದ್ದ ಪಾದ್ರಿಯೊಬ್ಬರಿಗೆ ಸಿಕ್ಕಿತ್ತು.

ಅವರ ಹೆಸರು ಲಾಸ್ಲೊ ಲಡಾನಿ. 1914ರಲ್ಲಿ ಹಂಗೇರಿಯಲ್ಲಿ ಹುಟ್ಟಿದವರು. ಜೆಸ್ವಿಟ್ ಸಂಘ ಸೇರಿ ಚೀನಾಕ್ಕೆ ಬಂದು ಭಾಷೆ ಕಲಿತರು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ಹಾಂಗ್‌ಕಾಂಗ್ ಸೇರಿದರು. 1953ರಲ್ಲಿ ‘ಚೈನಾ ನ್ಯೂಸ್ ಅನಾಲಿಸಿಸ್’ ಎಂಬ ವಾರಪತ್ರಿಕೆ ಆರಂಭಿಸಿದರು. ಕೆಲವೇ ಪುಟಗಳ, ಚಿತ್ರಗಳಿಲ್ಲದ, ನೋಡಲು ಯಾವುದೋ ಕಚೇರಿಯ ಸುತ್ತೋಲೆಯಂತಿದ್ದ ಈ ಪತ್ರಿಕೆಯನ್ನು ಸುಮಾರು ಮೂವತ್ತು ವರ್ಷ ನಡೆಸಿದರು.

ಅವರ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ನಿರಾಶ್ರಿತರ ಮಾತು, ಗೂಢಚಾರರ ವರದಿ, ರಾಯಭಾರಿಗಳ ಗಾಳಿಸುದ್ದಿ ಇವುಗಳ ಮೇಲೆ ಅವರು ಬರಹ ಕಟ್ಟುತ್ತಿರಲಿಲ್ಲ. ಚೀನಾ ಸರ್ಕಾರ ತಾನೇ ಅಚ್ಚು ಹಾಕಿದ್ದು, ತಾನೇ ಬಾನುಲಿಯಲ್ಲಿ ಹೇಳಿದ್ದು, ಇಷ್ಟೇ ಅವರ ಆಧಾರ. ಸುಳ್ಳು ಹೇಳುವ ಪತ್ರಿಕೆಯಿಂದ ನಿಜ ತಿಳಿಯುವುದು ಹೇಗೆಂಬ ಪ್ರಶ್ನೆ ಸಹಜ. ಆದರೆ ಅಷ್ಟು ದೊಡ್ಡ ದೇಶದ ಪಕ್ಷಕ್ಕೆ ತನ್ನ ಕೆಳಗಿನ ಲಕ್ಷಾಂತರ ಕಾರ್ಯಕರ್ತರಿಗೆ ಅಪ್ಪಣೆ ಕೊಡಲು ಪತ್ರಿಕೆಯೂ ಬೇಕು, ಬಾನುಲಿಯೂ ಬೇಕು. ಕಳ್ಳತನ ಹೆಚ್ಚಿದೆಯೆಂದು ಒಪ್ಪಿಕೊಳ್ಳದೆ ಕಣಜ ಕಾಯಿರೆಂದು ಹೇಳುವುದು ಕಷ್ಟ. ಹೊರಗಿನವರಿಗೆ ಮುಖಪುಟದ ಜಯಘೋಷ. ಒಳಗಿನವರಿಗೆ ಮೂರನೆಯ ಪುಟದ ಮೂಲೆಯ ಎಚ್ಚರಿಕೆ. ಲಡಾನಿ ಓದಿದ್ದು ಆ ಮೂಲೆಯನ್ನು. 1950ರ ದಶಕದ ಕೊನೆಗೆ ಪ್ರಾಂತೀಯ ಪತ್ರಿಕೆಗಳು ಹೊರಗೆ ಸಿಗುವುದು ದುರ್ಲಭವಾದಾಗ ಪ್ರಾಂತೀಯ ಬಾನುಲಿಯ ಬೆಲೆ ಇನ್ನಷ್ಟು ಏರಿತು. ಚಿಕ್ಕ ಊರಿನ ಪತ್ರಿಕೆಗಳು ಬರೆದುಕೊಳ್ಳಲೆಂದು ಸುದ್ದಿಯನ್ನು ನಿಧಾನವಾಗಿ ಓದುವ ಪ್ರಸಾರಗಳೂ ಚೀನಾದಲ್ಲಿದ್ದವು. ಹೊರಗೆ ಕಿವಿಗೊಟ್ಟವರಿಗೂ ಅದರಿಂದ ಅನುಕೂಲವೇ ಆಯಿತು!

ಕ್ಷಾಮದ ಕಥೆಯನ್ನೇ ನೋಡಬಹುದು. 1958ರ ಧಾನ್ಯದ ಬೆಳೆ 37.5 ಕೋಟಿ ಟನ್ ಎಂದು ಸರ್ಕಾರ ಸಾರಿತು. ಮರುವರ್ಷ ಆಗಸ್ಟಿನಲ್ಲಿ ಅದನ್ನು 25 ಕೋಟಿಗೆ ಇಳಿಸಿತು. ಮೂರರಲ್ಲೊಂದು ಪಾಲು ಬೆಳೆ ಕಾಗದದ ಮೇಲೆಯೇ ಮಾಯ. 1960ರಲ್ಲಿ ಪತ್ರಿಕೆಗಳು ಕ್ಲೋರೆಲ್ಲಾ ಎಂಬ ಪಾಚಿಯನ್ನು ಬೆಳೆದು ತಿನ್ನುವ ಬಗೆಯನ್ನು ಹೊಗಳಿದವು. ಹೊಟ್ಟೆ ತುಂಬಿದ ನಾಡು ಕೊಳದ ಪಾಚಿಯ ಪೌಷ್ಟಿಕಾಂಶ ಲೆಕ್ಕ ಹಾಕುವುದಿಲ್ಲ. ‘ಎಲ್ಲೆಡೆ ಸಮೃದ್ಧಿ’ ಎಂಬ ತಲೆಬರಹದ ಕೆಳಗೆ ಇಂಥ ಸಾಲುಗಳು ಸಾಲಾಗಿ ಕೂಡಿದವು. ಮಾಂಟ್‌ಗೊಮರಿಯವರೂ ಇವನ್ನು ಓದಬಹುದಿತ್ತು. ಅವರಿಗೆ ಚೀನೀ ಬರುತ್ತಿರಲಿಲ್ಲ.

ಅಧಿಕಾರದ ಏರಿಳಿತಗಳೂ ಹೀಗೆಯೇ ತಿಳಿಯಬೇಕಿತ್ತು. 1965ರ ನವೆಂಬರ್ 10ರಂದು ಶಾಂಘೈನ ಪತ್ರಿಕೆಯೊಂದು ಹಾಯ್ ರುಯ್ ಕುರಿತ ಐತಿಹಾಸಿಕ ನಾಟಕವನ್ನು ಖಂಡಿಸಿತು. ಪೀಕಿಂಗಿನ ‘ಪೀಪಲ್ಸ್ ಡೈಲಿ’ ಅದನ್ನು ಮರುಮುದ್ರಿಸಿದ್ದು ನವೆಂಬರ್ 30ಕ್ಕೆ. ಸಾಮಾನ್ಯ ಓದುಗನಿಗೆ ಇದು ನಾಟಕ ವಿಮರ್ಶೆ. ಬಲ್ಲವರಿಗೆ ಆ ಇಪ್ಪತ್ತು ದಿನಗಳ ತಡವೇ ಸುದ್ದಿ: ಮೇಲಿನವರೊಳಗೆ ಒಡಕು ಬಿದ್ದಿದೆ. ಮುಂದೆ ಬಂದದ್ದು ಸಾಂಸ್ಕೃತಿಕ ಕ್ರಾಂತಿ. 1966ರ ಆಗಸ್ಟಿನ ನಾಯಕರ ಪಟ್ಟಿಯಲ್ಲಿ ರಾಷ್ಟ್ರಾಧ್ಯಕ್ಷ ಲಿಯು ಶಾವೋಚಿ ಎರಡನೆಯ ಸ್ಥಾನದಿಂದ ಎಂಟನೆಯದಕ್ಕೆ ಇಳಿದಿದ್ದರು. ಅವರು 1969ರಲ್ಲಿ ಬಂಧನದಲ್ಲೇ ತೀರಿಕೊಂಡರು.

ಲಡಾನಿಯವರ ಪತ್ರಿಕೆಯನ್ನು ರಾಯಭಾರ ಕಚೇರಿಗಳೂ ವಿಶ್ವವಿದ್ಯಾಲಯಗಳೂ ತರಿಸಿಕೊಳ್ಳುತ್ತಿದ್ದವು. ಓದಿದವರೆಲ್ಲ ಅದನ್ನು ಹೇಳಿಕೊಳ್ಳಲಿಲ್ಲ. ಪಾದ್ರಿ, ಕಮ್ಯುನಿಸ್ಟ್ ವಿರೋಧಿ ಎಂದು ಅವರನ್ನು ಬದಿಗೆ ಸರಿಸಿದ ವಿದ್ವಾಂಸರಿದ್ದರು. ಅವರು ಕಮ್ಯುನಿಸ್ಟ್ ವಿರೋಧಿ ಎಂಬುದು ಸುಳ್ಳಲ್ಲ. ಆದರೆ ಅವರು ಎತ್ತಿ ತೋರಿಸಿದ ಮಾತುಗಳು ಪಕ್ಷದವೇ ಆಗಿದ್ದುದರಿಂದ ಆ ಆಕ್ಷೇಪಕ್ಕೆ ಹೆಚ್ಚು ಬಲವಿರಲಿಲ್ಲ.

1982ರ ಕೊನೆಗೆ ಅವರು ನಿವೃತ್ತರಾದರು. ತಮ್ಮ ಕೊನೆಯ ಸಂಚಿಕೆಯಲ್ಲಿ ಚೀನಾ ಅಧ್ಯಯನ ಮಾಡುವವರಿಗೆ ಹತ್ತು ಸೂಚನೆಗಳನ್ನು ಬರೆದಿಟ್ಟರು. ಚೀನೀಯರೂ ಎಲ್ಲರಂತೆ ಮನುಷ್ಯರೆಂಬುದನ್ನು ಮರೆಯಬಾರದು ಎಂಬುದು ಅದರಲ್ಲೊಂದು. ಸಣ್ಣ ಅಕ್ಷರಗಳನ್ನು ತಪ್ಪದೆ ಓದಬೇಕೆಂಬುದು ಕೊನೆಯದು. ಪಕ್ಷದ ಚರಿತ್ರೆ ಕುರಿತ ಅವರ ದೊಡ್ಡ ಗ್ರಂಥ 1988ರಲ್ಲಿ ಹೊರಬಂತು. ಎರಡು ವರ್ಷಗಳ ನಂತರ ಹಾಂಗ್‌ಕಾಂಗ್‌ನಲ್ಲಿ ಅವರು ತೀರಿಕೊಂಡರು. ಆ ಗ್ರಂಥಕ್ಕೆ ಅವರು ಕೊಟ್ಟ ಉಪಶೀರ್ಷಿಕೆ, ‘ಸ್ವಯಂಚಿತ್ರ’.